ಬಿಸಿನೆಸ್ ಕಲಿಸ್ತೀವಿ ಅಂತ ಕರೆದು ಸಾಲ ಅಂಟಿಸಿದರು

ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಮಾಡಿ ಅಂಗಡಿಗಳಿಗೆ ಕೊಡುತ್ತೇನೆ. ಆರು ವರ್ಷ ಆಯ್ತು. ಕಳೆದ ವರ್ಷ ಒಂದು ಉದ್ಯಮಿ ತರಬೇತಿಗೆ ಸೇರಿ 60,000 ರೂಪಾಯಿ ಸಾಲ ತಲೆ ಮೇಲೆ ಹಾಕಿಕೊಂಡೆ. ನನ್ನ ಹಾಗೆ ಮನೆಯಲ್ಲೇ ಏನಾದರೂ ಮಾಡಿ ಮಾರುವ ಅಕ್ಕತಂಗಿಯರು, ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಿರುವ ಹುಡುಗರು ದಯವಿಟ್ಟು ಪೂರ್ತಿ ಓದಿ.

ಶುರುವಾಗಿದ್ದು ಫೋನಿನಲ್ಲಿ ಬಂದ ಒಂದು ಜಾಹೀರಾತಿನಿಂದ. ಎರಡು ಗಂಟೆಯ ಉಚಿತ ಆನ್‌ಲೈನ್ ಕ್ಲಾಸು. ಚೆನ್ನಾಗಿ ಕನ್ನಡ ಮಾತಾಡುವ ಒಬ್ಬ ಸರ್. ಕೊನೆಗೆ, "ಪೂರ್ತಿ ವಿಷಯ ಭಾನುವಾರದ ಕಾರ್ಯಾಗಾರದಲ್ಲಿ ಹೇಳ್ತೀನಿ, ಫೀಸು 999 ಅಷ್ಟೇ" ಅಂದರು. ಸಾವಿರ ರೂಪಾಯಿ ತಾನೆ ಅಂತ ಕಟ್ಟಿದೆ.

ಹೋಟೆಲಿನ ಹಾಲ್‌ನಲ್ಲಿ ನೂರು ಜನರಾದರೂ ಇದ್ದೆವು. ಬೆಳಗ್ಗೆಯಿಂದ ಕನಸು, ಧೈರ್ಯ, ಬಡತನ ಗೆದ್ದವರ ಕಥೆ. ಕೇಳುವಾಗ ನನಗೆ ನಿಜವಾಗಿಯೂ ಕಣ್ಣಲ್ಲಿ ನೀರು ಬಂತು. ಮಧ್ಯಾಹ್ನ ಊಟ ಆದ ಮೇಲೆ ಸರ್ಕಾರದ ಸಬ್ಸಿಡಿ ವಿಷಯ ತೆಗೆದರು. "ನಮ್ಮ ಆರು ತಿಂಗಳ ಕೋರ್ಸು ಸೇರಿದವರಿಗೆ ಲೋನ್ ಗ್ಯಾರಂಟಿ, ಅದರಲ್ಲಿ ಶೇ. 35 ಸಬ್ಸಿಡಿ ನೇರ ನಿಮ್ಮ ಖಾತೆಗೆ." ಫೀಸು 60,000, ಇವತ್ತೇ ಸೇರಿದರೆ ಮಾತ್ರ ಆ ರೇಟು. ಸೀಟು ಹದಿನೈದೇ ಉಳಿದಿವೆ. ಹಿಂದಿನ ಸಾಲಿನವರು ಓಡೋಡಿ ಹೋಗಿ ಫಾರಂ ಹಿಡಿದರು. ಅವರಲ್ಲಿ ಎಷ್ಟು ಜನ ಸಂಸ್ಥೆಯವರೇ ಇದ್ದರೋ ಅಂತ ಈಗ ಅನಿಸುತ್ತದೆ.

ನನ್ನ ಹತ್ತಿರ ಅಷ್ಟು ದುಡ್ಡಿಲ್ಲ ಅಂದೆ. ಪಕ್ಕದಲ್ಲಿ ನಿಂತಿದ್ದ ಹುಡುಗಿ, "ಮೇಡಂ, ಒಟ್ಟಿಗೆ ಕಟ್ಟೋದು ಬೇಡ, ತಿಂಗಳಿಗೆ 5,000 ಕಂತು, ಬಡ್ಡಿ ಇಲ್ಲ" ಅಂದಳು. ಆಧಾರ್, ಪ್ಯಾನ್ ಕಾರ್ಡಿನ ಫೋಟೋ ತೆಗೆದುಕೊಂಡಳು. "ಒಂದು ನಿಮಿಷ ಮೇಡಂ" ಅಂತ ನನ್ನ ಫೋನನ್ನೇ ಕೈಗೆ ತಗೊಂಡಳು. ಒಂದರ ಹಿಂದೊಂದು ಓಟಿಪಿ ಬಂದವು. ಅವಳೇ ನೋಡಿ, ಅವಳೇ ಹಾಕಿದಳು. ಮನೆಯವರನ್ನು ಒಂದು ಮಾತು ಕೇಳುತ್ತೇನೆ ಅಂದದ್ದಕ್ಕೆ, "ಸ್ವಂತ ನಿರ್ಧಾರ ತಗೊಳ್ಳೋದೇ ಉದ್ಯಮಿಯ ಮೊದಲ ಲಕ್ಷಣ ಅಲ್ವಾ ಮೇಡಂ?" ಅಂತ ನಕ್ಕಳು. ಆ ಮಾತಿಗೆ ನಾನು ಸುಮ್ಮನಾದೆ. ಇವತ್ತಿಗೂ ನೆನಪಾದರೆ ಹೊಟ್ಟೆ ಉರಿಯುತ್ತದೆ.

ನಾನು ಸಂಸ್ಥೆಗೆ ಕಂತು ಕಟ್ಟುತ್ತಿದ್ದೇನೆ ಅಂದುಕೊಂಡಿದ್ದೆ. ನಿಜವಾಗಿ ಆಗಿದ್ದು ಬೇರೆ. ನನ್ನ ಹೆಸರಲ್ಲಿ ಒಂದು ಫೈನಾನ್ಸ್ ಕಂಪನಿಯಿಂದ 60,000 ಸಾಲ ಎತ್ತಿ, ಸಂಸ್ಥೆಯವರು ಪೂರ್ತಿ ದುಡ್ಡು ತೆಗೆದುಕೊಂಡಿದ್ದರು. ತಿಂಗಳಿಗೊಮ್ಮೆ ನನ್ನ ಖಾತೆಯಿಂದ ತಾನಾಗಿ ಕಂತು ಹೋಗಲು ಒಪ್ಪಿಗೆಯನ್ನೂ ಅದೇ ಓಟಿಪಿಯಲ್ಲಿ ಪಡೆದಿದ್ದರು.

ಕೋರ್ಸು ಹೇಗಿತ್ತು? ವಾರಕ್ಕೊಂದು ವಿಡಿಯೋ. ವಾಟ್ಸಾಪ್ ಗುಂಪಿನಲ್ಲಿ ಬೆಳಗ್ಗೆ ಒಂದು ಸ್ಫೂರ್ತಿಯ ಮಾತು. ರೊಟ್ಟಿಗೆ ಬೆಲೆ ಹೇಗೆ ಇಡಬೇಕು ಅಂತ ಮೂರು ಸಲ ಕೇಳಿದೆ, ಉತ್ತರ ಬರಲಿಲ್ಲ. ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಹೆಸರು ಬರೆಸುವ ಉದ್ಯಮ್ ನೋಂದಣಿ ಮಾಡಿಸಿಕೊಡುತ್ತೇವೆ ಅಂತ ಬೇರೆ 2,500 ತೆಗೆದುಕೊಂಡರು. ಅದು ಸರ್ಕಾರದ ವೆಬ್‌ಸೈಟಿನಲ್ಲಿ ಪೂರ್ತಿ ಉಚಿತ, ಆಧಾರ್, ಪ್ಯಾನ್ ಇದ್ದರೆ ನಾವೇ ಮಾಡಿಕೊಳ್ಳಬಹುದು ಅಂತ ಆಮೇಲೆ ಗೊತ್ತಾಯಿತು.

ಮೂರನೇ ತಿಂಗಳು ಲೋನ್ ಎಲ್ಲಿ ಸರ್ ಅಂತ ಕೇಳಿದೆ. ಪ್ರಾಜೆಕ್ಟ್ ರಿಪೋರ್ಟಿಗೆ 8,000 ಕಟ್ಟಿ ಅಂದರು. ಆಗ ಎಚ್ಚರ ಆಯಿತು. ದುಡ್ಡು ವಾಪಸ್ ಕೊಡಿ ಅಂದೆ. "ನಿಮ್ಮ ಸಾಲ ಫೈನಾನ್ಸ್ ಕಂಪನಿಯದು, ನಮ್ಮನ್ನು ಕೇಳಬೇಡಿ." ಕಂಪನಿಗೆ ಫೋನ್ ಮಾಡಿದರೆ, "ನಾವು ದುಡ್ಡು ಕೊಟ್ಟಾಗಿದೆ, ಕೋರ್ಸಿನ ವಿಷಯ ಅವರನ್ನೇ ಕೇಳಿ." ಕಂತು ನಿಲ್ಲಿಸಿದರೆ ಸಿಬಿಲ್ ಸ್ಕೋರ್ ಬೀಳುತ್ತದೆ, ಮುಂದೆ ಯಾವ ಬ್ಯಾಂಕೂ ಹತ್ತಿರ ಸೇರಿಸುವುದಿಲ್ಲ. ಹಾಗಾಗಿ ಹನ್ನೆರಡೂ ಕಂತು ಕಟ್ಟಿದೆ. ಒಂದು ತಿಂಗಳು ಮಗಳ ಸ್ಕೂಲ್ ಫೀಸು ತಡವಾಯಿತು.

ಸಬ್ಸಿಡಿ ವಿಷಯವನ್ನು ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಹೋಗಿ ನಾನೇ ಕೇಳಿದೆ. ತರಬೇತಿ ಸಂಸ್ಥೆಯವರು ಹಾಲ್‌ನಲ್ಲಿ ಹೇಳಿದ್ದು ಪಿಎಂಇಜಿಪಿ, ಹೊಸ ಉದ್ಯಮದ ಸಾಲಕ್ಕೆ ಸಬ್ಸಿಡಿ ಕೊಡುವ ಕೇಂದ್ರ ಸರ್ಕಾರದ ಯೋಜನೆ. ಅದರಲ್ಲಿ ಶೇ. 35 ಎಲ್ಲರಿಗೂ ಇಲ್ಲ. ಹಳ್ಳಿಯಲ್ಲಿ ಶುರು ಮಾಡುವ ಮಹಿಳೆಯರು, ಪರಿಶಿಷ್ಟ ಜಾತಿ ಪಂಗಡದವರು, ಹಿಂದುಳಿದ ವರ್ಗದವರು, ಇಂಥವರಿಗೆ ಅಷ್ಟು. ನನ್ನ ಹಾಗೆ ಸಿಟಿಯಲ್ಲಿರುವ ಹೆಂಗಸಿಗೆ ಶೇ. 25. ಸಿಟಿಯ ಸಾಮಾನ್ಯ ವರ್ಗದ ಗಂಡಸಿಗೆ ಶೇ. 15. ಅದೂ ಕೈಗೆ ಬರುವ ದುಡ್ಡಲ್ಲ. ಸಾಲ ಕೊಟ್ಟ ಬ್ಯಾಂಕಿನಲ್ಲೇ ಮೂರು ವರ್ಷ ಠೇವಣಿಯಾಗಿ ಇರುತ್ತದೆ. ಆಮೇಲೆ, ಘಟಕ ನಡೀತಾ ಇದ್ದರೆ, ಸಾಲಕ್ಕೆ ಜಮಾ ಆಗುತ್ತದೆ. ಸಾಲ ಕೊಡುವುದು ಬಿಡುವುದು ಬ್ಯಾಂಕಿನ ತೀರ್ಮಾನ, ಗ್ಯಾರಂಟಿ ಯಾರೂ ಕೊಡುವ ಹಾಗಿಲ್ಲ. ಅರ್ಜಿಗೆ ಶುಲ್ಕ ಇಲ್ಲ. ಯಾವ ಏಜೆಂಟರನ್ನೂ ನೇಮಿಸಿಲ್ಲ ಅಂತ ಯೋಜನೆ ನಡೆಸುವ ಖಾದಿ ಆಯೋಗವೇ ಹೇಳುತ್ತದೆ. ಇನ್ನೊಂದು ವಿಷಯ, ಅದು ಹೊಸದಾಗಿ ಶುರು ಮಾಡುವವರಿಗೆ. ಈಗಾಗಲೇ ಸಣ್ಣದಾಗಿ ತಿಂಡಿ ತಿನಿಸು ಮಾಡುವವರಿಗೆ ಪಿಎಂಎಫ್‌ಎಂಇ ಅಂತ ಬೇರೆ ಯೋಜನೆಯೇ ಇತ್ತು. ರೊಟ್ಟಿ ಮಾಡುವ ನನಗೆ ಹೇಳಬೇಕಾಗಿದ್ದು ಅದನ್ನು. ಆ ಸರ್ ಒಂದು ದಿನವೂ ಅದರ ಹೆಸರು ಎತ್ತಲಿಲ್ಲ. ಯೋಜನೆಗಳು ಬದಲಾಗುತ್ತಿರುತ್ತವೆ, ಈಗ ಏನಿದೆ ಅಂತ ಕೈಗಾರಿಕಾ ಕೇಂದ್ರದಲ್ಲೇ ಕೇಳಿಕೊಳ್ಳಿ.

ಅಲ್ಲಿನ ಅಧಿಕಾರಿಯೊಬ್ಬರು ನನ್ನ ಕಥೆ ಕೇಳಿ, "ಅಮ್ಮಾ, ಆರ್‌ಸೆಟಿಗೆ ಹೋಗಬಾರದಿತ್ತಾ?" ಅಂದರು. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಟ್ರಸ್ಟು, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಸೇರಿ ರುಡ್‌ಸೆಟ್ ಅಂತ ಸ್ವಂತ ಉದ್ಯೋಗ ಕಲಿಸುವ ಸಂಸ್ಥೆ ಶುರು ಮಾಡಿದರಲ್ಲ, ಅದೇ ಮಾದರಿಯಲ್ಲಿ ಈಗ ದೇಶದ ಹೆಚ್ಚಿನ ಜಿಲ್ಲೆಗಳಲ್ಲಿ ಬ್ಯಾಂಕುಗಳು ಆರ್‌ಸೆಟಿ ಅನ್ನುವ ಈ ತರಬೇತಿ ಕೇಂದ್ರ ನಡೆಸುತ್ತವೆ. ತರಬೇತಿ ಉಚಿತ, ಊಟ ವಸತಿಯೂ ಉಚಿತ. ನಮ್ಮ ನಾಡಿನಲ್ಲೇ ಹುಟ್ಟಿದ್ದು ಇದು. ಆದರೂ ನನಗೆ ಗೊತ್ತಿರಲಿಲ್ಲ.

ಹೋದೆ. ಮೂರನೇ ದಿನ ಕಲಿಸುವ ಸರ್ ನನ್ನ ಹತ್ತು ರೊಟ್ಟಿಯ ಪ್ಯಾಕೆಟ್ ಮೇಜಿನ ಮೇಲಿಟ್ಟು, "ಇದಕ್ಕೆ ಎಷ್ಟು ಖರ್ಚಾಯ್ತು, ಬರೀರಿ" ಅಂದರು. ಜೋಳದ ಹಿಟ್ಟು 24. ಗ್ಯಾಸ್ 7. ಸಹಾಯಕ್ಕೆ ಬರುವವಳ ಕೂಲಿ 10. ಕವರು, ಸ್ಟಿಕ್ಕರು 4. ಆಟೋ 3. "ಮುರಿದ ರೊಟ್ಟಿ ಎಲ್ಲಿ ಹೋಯ್ತಮ್ಮಾ?" ಅಂದರು. ಅದಕ್ಕೆ 3 ಬರೆದೆ. ಒಟ್ಟು 51. ಅಂಗಡಿಗೆ ನಾನು ಕೊಡುತ್ತಿದ್ದದ್ದು 50ಕ್ಕೆ. ಬೆಳಗ್ಗೆ ಐದಕ್ಕೆ ಎದ್ದು ತಟ್ಟಿದ ನನ್ನ ಕೂಲಿ ಆ ಲೆಕ್ಕದಲ್ಲಿ ಇರಲೇ ಇಲ್ಲ. ಆರು ವರ್ಷ ಪ್ಯಾಕೆಟ್ ಕೊಡುತ್ತಾ ಬಂದಿದ್ದೇನೆ, ಒಂದು ಸಲವೂ ಹೀಗೆ ಬರೆದು ನೋಡಿರಲಿಲ್ಲ. ಮಾರನೇ ತಿಂಗಳಿಂದ ಅಂಗಡಿಗೆ 62ರಂತೆ ಕೊಟ್ಟೆ. ಇಬ್ಬರು ಬೇಡ ಅಂದರು, ಉಳಿದ ಒಂಬತ್ತು ಅಂಗಡಿಯವರು ಒಪ್ಪಿಕೊಂಡರು.

ಈಗ ಯಾರಾದರೂ ಇಂಥ ಹಾಲ್‌ನಲ್ಲಿ ಕೂತಿದ್ದರೆ, ಫೋನ್ ಯಾರ ಕೈಗೂ ಕೊಡಬೇಡಿ. ಓಟಿಪಿ ಮೆಸೇಜಿನಲ್ಲಿ ಲೋನ್, ಮ್ಯಾಂಡೇಟ್ (ಖಾತೆಯಿಂದ ತಾನಾಗಿ ಕಂತು ಹೋಗುವ ಒಪ್ಪಿಗೆ) ಅಂತ ಪದ ಕಂಡರೆ ಅಲ್ಲೇ ನಿಲ್ಲಿಸಿ. ಈಗಾಗಲೇ ಸಿಕ್ಕಿಹಾಕಿಕೊಂಡಿದ್ದರೆ ಅದೇ ದಿನ ಸಾಲದ ಕಾಗದ ತೆಗೆದು ಓದಿ. ಆನ್‌ಲೈನ್ ಸಾಲಕ್ಕೆ ಕೂಲಿಂಗ್ ಆಫ್ ಅವಧಿ ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ ಇದೆ. ಅದರೊಳಗೆ ಅಸಲು ಮತ್ತು ಅಷ್ಟು ದಿನದ ಬಡ್ಡಿ ಕೊಟ್ಟು ದಂಡ ಇಲ್ಲದೆ ಹೊರಬರಬಹುದು. ಎಷ್ಟು ದಿನ ಅಂತ ಕಾಗದದಲ್ಲೇ ಬರೆದಿರುತ್ತದೆ. ನನ್ನದು ಇಮೇಲಿನಲ್ಲಿ ಬಂದಿತ್ತು, ನಾನು ತೆರೆದಿದ್ದು ಮೂರು ತಿಂಗಳ ಮೇಲೆ. ಸೇವೆಯ ಬಗ್ಗೆ ದೂರಿಗೆ ಗ್ರಾಹಕ ಸಹಾಯವಾಣಿ 1915 ಇದೆ, ಆನ್‌ಲೈನ್ ಮೋಸಕ್ಕೆ 1930. ನಾನು 1915ಕ್ಕೆ ದೂರು ಕೊಟ್ಟೆ. ಉದ್ಯಮ್ ನೋಂದಣಿಗೆ ಕಟ್ಟಿದ್ದ 2,500 ವಾಪಸ್ ಬಂತು, 60,000 ಬರಲಿಲ್ಲ.

ಹೋದ ವಾರ ಪಕ್ಕದ ಬೀದಿಯ ಹುಡುಗಿಯೊಬ್ಬಳು ಓಡಿ ಬಂದು, "ಆಂಟಿ, 999ಕ್ಕೆ ಬಿಸಿನೆಸ್ ಕ್ಲಾಸ್ ಅಂತೆ, ಹೋಗ್ಲಾ?" ಅಂತ ಫೋನ್ ತೋರಿಸಿದಳು. ಬೇರೆ ಹೆಸರು, ಅದೇ ಹಾಲ್, ಅದೇ ಶೇ. 35. ಅವಳಿಗೆ ಬಟ್ಟೆ ಹೊಲಿಯುವುದರಲ್ಲಿ ಒಳ್ಳೆ ಕೈ ಇದೆ. ಸೋಮವಾರ ಅವಳ ಅಮ್ಮನನ್ನೂ ಕರೆದುಕೊಂಡು ಆರ್‌ಸೆಟಿಗೆ ಹೋಗಿ ಹೆಸರು ಬರೆಸಿ ಬಂದೆವು.