ಆಫೀಸಿನ ವ್ಯಾಯಾಮ: 14 ತಿಂಗಳಾದ ಮೇಲೆ

ಪುಣೆಯ ಹಿಂಜವಡಿಯಲ್ಲಿರುವ ನಮ್ಮ ಆಫೀಸಿಗೆ ಈ ವ್ಯಾಯಾಮದ ಪ್ಯಾಕೇಜ್ ಬಂದು 14 ತಿಂಗಳಾಯಿತು. ತಿಂಗಳಿಗೆ ಸಂಬಳದಲ್ಲಿ 300 ರೂಪಾಯಿ ಕಟ್, ಉಳಿದದ್ದು ಕಂಪನಿಯದು. ಜಿಮ್‌ಗೆ ವರ್ಷದ ಫೀ ಕಟ್ಟಿ ಹನ್ನೊಂದೇ ದಿನ ಹೋದವಳು ನಾನು. ಆ ಲೆಕ್ಕದಲ್ಲಿ ಇದು ಅಗ್ಗ.

ಏನೇನು ಕೊಡುತ್ತಾರೆ ಅನ್ನೋದು ಆ್ಯಪ್‌ನಲ್ಲೇ ಇದೆ, ಬಿಡಿ. ನನಗೆ ಹಿಡಿಸಿದ್ದು ಸಂಜೆ ನಾಲ್ಕರ ಹತ್ತು ನಿಮಿಷ. ಕುರ್ಚಿ ಹಿಂದೆ ತಳ್ಳಿ, ಮೇಜಿನಡಿ ಚಪ್ಪಲಿ ಬಿಟ್ಟು ನಿಲ್ಲುತ್ತೇವೆ. ಮೊದಲು ಗದ್ದ ಒಳಗೆಳೆದು ಕತ್ತು ನೆಟ್ಟಗೆ. ಆಮೇಲೆ ಗೋಡೆಗೆ ಕೈಯೊತ್ತಿ ದಂಡ. ಕೊನೆಗೆ ಕೈ ಊರದೆ ಹದಿನೈದು ಸಲ ಕುರ್ಚಿಯಿಂದ ಏಳುವುದು, ಕೂರುವುದು. ಮೊದಲ ವಾರ ಎಂಟಕ್ಕೇ ಮೊಣಕಾಲು ಲಟಲಟ ಅನ್ನುತ್ತಿತ್ತು. ಕಲಿಸುವ ಹುಡುಗ ಸೊಲ್ಲಾಪುರದವನು, ಮರಾಠಿಯಲ್ಲಿ ಎಣಿಸುತ್ತಿದ್ದ. ನಾನು "ಅಯ್ಯೋ ಯವ್ವಾ" ಅಂದದ್ದೇ ತಡ, "ಸಾವಕಾಶ್ರೀ ಅಕ್ಕಾರ, ಗಡಿಬಿಡಿ ಬ್ಯಾಡ" ಅಂದ! ಅವತ್ತಿನಿಂದ ನಮ್ಮ ಸಾಲಿಗೆ ಎಣಿಕೆ ಕನ್ನಡದಲ್ಲಿ. ಮೂರು ತಿಂಗಳಿಗೆ ಕತ್ತಿನ ಮುಲಾಮು ತರೋದು ನಿಂತಿತು.

ಇಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಕೈಗೊಂದು ಬ್ಯಾಂಡ್ ಕಟ್ಟಿದರು. ದಿನಕ್ಕೆ 10,000 ಹೆಜ್ಜೆ. ಸೋಮವಾರ ಲಿಫ್ಟ್ ಪಕ್ಕದ ಟೀವಿಯಲ್ಲಿ ಎಲ್ಲರ ಲೆಕ್ಕ, ಕೊನೆಯ ಐವರು ಕೆಂಪಕ್ಷರದಲ್ಲಿ. ಮೂರು ವಾರ ನಾನೂ ಕೆಂಪು. ರಾತ್ರಿ ಹತ್ತಕ್ಕೆ ಹಾಲ್‌ನಲ್ಲಿ ಸುತ್ತು ಹಾಕುತ್ತಿದ್ದರೆ ನಮ್ಮನೆಯವರು "ಏನಾದ್ರೂ ಕಳೆದುಹೋಯ್ತಾ?" ಅಂತ ಕೇಳಿದರು.

ಅಷ್ಟಕ್ಕೂ ಈ 10,000 ಡಾಕ್ಟರ್ ಬರೆದುಕೊಟ್ಟ ಡೋಸ್ ಅಲ್ಲ. 1965ರಲ್ಲಿ ಜಪಾನಿನಲ್ಲಿ ಹೆಜ್ಜೆ ಎಣಿಸುವ ಯಂತ್ರವೊಂದು ಮಾರಾಟಕ್ಕೆ ಬಂತು. ಹೆಸರು 'ಮಂಪೋ-ಕೇ', ಅಂದರೆ ಹತ್ತು ಸಾವಿರ ಹೆಜ್ಜೆಯ ಮೀಟರ್. ಆ ಹೆಸರಿನ ಅಂಕಿಗೆ ನಾನು ರಾತ್ರಿ ಸುತ್ತಬೇಕು, ಅಲ್ವಾ? ವಿಶ್ವ ಆರೋಗ್ಯ ಸಂಸ್ಥೆ ಕೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸು ನಡಿಗೆಯಂಥದ್ದು, ಜೊತೆಗೆ ಎರಡು ದಿನ ಸ್ನಾಯುಗಳಿಗೆ ಕೆಲಸ. ಹೆಜ್ಜೆ ಎಣಿಸಿ ಅಂದಿಲ್ಲ.

ಮಳೆಗಾಲದಲ್ಲಿ ಇನ್ನೂ ತಮಾಷೆ. ವಾಕಡ್‌ನಿಂದ ಬರುವಾಗ ಗುಂಡಿ ಗುಂಡಿಗೂ ಬಸ್ ಎಗರಿ, ಕೂತಲ್ಲೇ ನನ್ನ ಖಾತೆಗೆ 900 ಹೆಜ್ಜೆ ಬಿದ್ದಿತ್ತು. ಪಟ್ಟಿಯ ಮೇಲಿದ್ದವರೆಲ್ಲ ಎಷ್ಟು ದೂರದಿಂದ ಬರುತ್ತಾರೆ ಅಂತ ಆಗ ಹೊಳೆಯಿತು.

ಬ್ಯಾಂಡಿಗೆ ಒಂದು ಸ್ಟಾರ್. ಅದೀಗ ಡ್ರಾಯರ್‌ನಲ್ಲಿದೆ, ನನ್ನ ಹೆಸರು ಟೀವಿಯಲ್ಲಿ ಖಾಯಂ ಕೆಂಪು. ನಾಲ್ಕರ ಕ್ಲಾಸಿಗೆ ನಾಲ್ಕೂವರೆ ಸ್ಟಾರ್. ಅದು ಮುಗಿದ ಮೇಲೆ ಐದು ಮಹಡಿ ಮೆಟ್ಟಿಲಿಳಿದೇ ಗೇಟಿನಾಚೆ ಟಪರಿಗೆ ಚಹಾಕ್ಕೆ ಹೋಗುತ್ತೇವೆ. ಲಿಫ್ಟ್ ಹತ್ತಿದರೆ ಆ ಹುಡುಗ ಮುಖ ಗಂಟು ಹಾಕುತ್ತಾನೆ. ಕ್ರೀಮ್ ರೋಲ್ ವಿಷಯ ಅವನಿಗಿನ್ನೂ ಗೊತ್ತಿಲ್ಲ.