ಟುಲೂಸ್ ಸುತ್ತ ಮೂರು ಸೈಕಲ್ ದಾರಿ: ಕಾಲುವೆ ನಂಬಿ ಕೆಟ್ಟೆ, ನಂಗೆ ಲೊರಾಗೇ ದಿಬ್ಬಗಳೇ ಸಾಕು

ಮೊದ್ಲೇ ಹೇಳ್ಬಿಡ್ತೀನಿ, ನನ್ನ ಓಟು ಟುಲೂಸಿನ ಆಗ್ನೇಯಕ್ಕಿರೋ ಲೊರಾಗೇ ಸೀಮೆಯ ದಿಬ್ಬಗಳಿಗೆ. ಬೆಂಗಳೂರಿಂದ ಕೆಲಸದ ಮೇಲೆ ಫ್ರಾನ್ಸಿನ ಟುಲೂಸ್‌ಗೆ ಬಂದು ನಾಲ್ಕು ವರ್ಷ ಆಯ್ತು, ಬಂದ ಹೊಸದ್ರಲ್ಲಿ ಆಫೀಸಲ್ಲಿ ಎಲ್ರೂ ಒಂದೇ ಮಾತು ಹೇಳ್ತಿದ್ರು, ಸೈಕಲ್ ತಗೋ, ಕನಾಲ್ ದ್ಯು ಮಿದಿ ಕಾಲುವೆ ಪಕ್ಕ ಹೊಡ್ಕೊಂಡು ಹೋಗು, ಮೆಡಿಟರೇನಿಯನ್ ಸಮುದ್ರದ ತನಕ ದಾರಿ ಇದೆ ಅಂತ. ಕಾಲುವೆ ನಮ್ಮನೆ ಹಿಂದೇನೇ ಇದೆ. ಅದೊಂದನ್ನೇ ನಂಬ್ಕೊಂಡು 480 ಯೂರೋ ಕೊಟ್ಟು ಸೆಕೆಂಡ್ ಹ್ಯಾಂಡ್ ರೋಡ್ ಬೈಕ್ ತಗೊಂಡೆ, 25 ಎಂಎಂ ಟೈರ್, ನೋಡೋಕೆ ಕಡ್ಡಿ ಥರ. ತಪ್ಪು ಮಾಡಿದ್ದು ಅಲ್ಲೇ.

ಕಾಲುವೆ ಬಗ್ಗೆ ಕೆಟ್ಟದಾಗಿ ಹೇಳೋಕೆ ಮನಸ್ಸು ಬರಲ್ಲ ಕಣ್ರೀ. 1666ರಲ್ಲಿ ಶುರು ಮಾಡಿ 1681ಕ್ಕೆ ಮುಗಿಸಿದ್ದಾರೆ, ಟುಲೂಸಿಂದ ಸಮುದ್ರದ ಹತ್ರ ಇರೋ ಸೆಟ್ ಊರಿನ ತನಕ 240 ಕಿಲೋಮೀಟರ್, ಕಟ್ಸಿದ್ದು ಪಿಯೆರ್ ಪೋಲ್ ರಿಕೆ ಅಂತ ಉಪ್ಪಿನ ತೆರಿಗೆ ವಸೂಲಿ ಮಾಡ್ತಿದ್ದ ಮನುಷ್ಯ, ಪಾಪ ಕಾಲುವೆ ತೆರೆಯೋ ಕೆಲವೇ ತಿಂಗಳು ಮುಂಚೆ ತೀರ್ಕೊಂಡ. ಟುಲೂಸ್ ಕಡೆಯಿಂದ ಮೊದಲ ಐವತ್ತು ಕಿಲೋಮೀಟರ್ ಹತ್ರ ಒಳ್ಳೆ ಟಾರು, ಕಾರಿಲ್ಲ, ಸಿಗ್ನಲ್ ಇಲ್ಲ, ಎರಡೂ ಕಡೆ ಪ್ಲೇನ್ ಅನ್ನೋ ಜಾತಿಯ ದೊಡ್ಡ ನೆರಳಿನ ಮರ. ಆಮೇಲೆ ನೊರೂಜ್ ಅನ್ನೋ ಜಾಗ ಬರುತ್ತೆ. ಎತ್ತರ ಬರೀ 190 ಮೀಟರ್ ಹತ್ರ, ಆದ್ರೆ ಇಲ್ಲಿ ನೀರು ಇಬ್ಭಾಗ ಆಗುತ್ತೆ, ಒಂದು ಪಾಲು ಅಟ್ಲಾಂಟಿಕ್ ಕಡೆಗೆ, ಇನ್ನೊಂದು ಮೆಡಿಟರೇನಿಯನ್ ಕಡೆಗೆ. ನಮ್ಮ ಬಿಸಲೆ ಘಾಟಿನ ರಿಡ್ಜ್ ಪಾಯಿಂಟ್ ನೋಡಿದವ್ರಿಗೆ ಗೊತ್ತಾಗುತ್ತೆ, ಅದೇ ಲೆಕ್ಕ, ಜಿಗಣೆ ಒಂದಿಲ್ಲ ಅಷ್ಟೇ.

ನೊರೂಜ್ ದಾಟಿ ಪಕ್ಕದ ಜಿಲ್ಲೆ ಗಡಿಗೆ ಕಾಲಿಟ್ಟ ತಕ್ಷಣ ಟಾರು ಮಾಯ. ನಾನು ಹೋದಾಗ ಪೂರ್ತಿ ಮಣ್ಣು, ಜಲ್ಲಿ, ಅದಕ್ಕಿಂತ ಹೆಚ್ಚಾಗಿ ಬೇರು. ಪ್ಲೇನ್ ಮರದ ಬೇರುಗಳು ದಾರಿಗೆ ಅಡ್ಡಡ್ಡ ಉಬ್ಬಿ ನಿಂತಿರ್ತವೆ, ನೆರಳು ಬೇರೆ, ಹತ್ರ ಹೋಗೋ ತನಕ ಕಾಣಲ್ಲ. ಮೂರನೇ ಕಿಲೋಮೀಟರಲ್ಲಿ ಹಿಂದಿನ ಚಕ್ರ ಟಪ್ ಅಂತು. ಟ್ಯೂಬ್ ಬಿಚ್ಚಿ ನೋಡಿದ್ರೆ ಹಾವು ಕಚ್ಚಿದ ಹಾಗೆ ಪಕ್ಕಪಕ್ಕದಲ್ಲಿ ಎರಡು ತೂತು. ಇದ್ದ ಒಂದು ಸ್ಪೇರ್ ಟ್ಯೂಬ್ ಹಾಕಿ ಹೊರಟೆ, ಎರಡು ಕಿಲೋಮೀಟರ್ ಆಗಿಲ್ಲ, ಮತ್ತೆ ಅದೇ ಟಪ್. ಸರಿ ಪ್ಯಾಚ್ ಹಾಕೋಣ ಅಂತ ಡಬ್ಬಿ ತೆಗೆದ್ರೆ ಸಲ್ಯೂಷನ್ ಟ್ಯೂಬಲ್ಲೇ ಒಣಗಿ ಕಲ್ಲಾಗಿದೆ, ಬೆರಳಲ್ಲಿ ಹಿಚುಕಿದ್ರೆ ಕಿಚ್ ಅಂತ ಗಾಳಿ ಬರುತ್ತೆ ಅಷ್ಟೇ.

ಭಾನುವಾರ ಮಧ್ಯಾಹ್ನ ಒಂದು ಗಂಟೆ. ನಮ್ಮ ಕಡೆ ಆಗಿದ್ರೆ ಎಲ್ಲೋ ಒಂದು ಹೊಂಗೆ ಮರದ ಕೆಳಗೆ ಹಳೇ ಟೈರ್ ನೇತಾಕಿರೋ ಪಂಚರ್ ಅಂಗಡಿ ಇರ್ತಿತ್ತು, ಇಪ್ಪತ್ತು ನಿಮಿಷದ ಕೆಲಸ. ಇಲ್ಲಿ ಭಾನುವಾರ ಅಂದ್ರೆ ಸೈಕಲ್ ಅಂಗಡಿ ಬಿಡಿ, ನಾಯಿನೂ ಬೀದಿಗೆ ಬರಲ್ಲ. ಪೆಡಲ್‌ಗೆ ಸಿಕ್ಕಿಸೋ ಕ್ಲೀಟ್ ಇರೋ ಶೂ ಹಾಕ್ಕೊಂಡು ಟಕ್ ಟಕ್ ಅಂತ ಕಾಸ್ಟೆಲ್ನೊದರಿ ಸ್ಟೇಷನ್ನಿಗೆ ಏಳೆಂಟು ಕಿಲೋಮೀಟರ್ ಸೈಕಲ್ ತಳ್ಕೊಂಡು ನಡೆದೆ. ಕಾಲುವೇಲಿ ದೋಣಿಯಲ್ಲಿ ಹೋಗ್ತಿದ್ದ ಅಜ್ಜ ಅಜ್ಜಿ ಒಬ್ರು ಬೊಂಜೂರ್ ಅಂತ ಕೈ ಬೀಸಿದ್ರು, ಅವ್ರ ಸ್ಪೀಡೂ ನನ್ನ ಸ್ಪೀಡೂ ಒಂದೇ, ಹಾಗಾಗಿ ಒಂದು ಗಂಟೆ ನಾವು ಅಕ್ಕಪಕ್ಕದಲ್ಲೇ ಇದ್ವಿ, ಒಬ್ಬರ ಮುಖ ಒಬ್ರು ನೋಡ್ಕೊಂಡು. ಅಷ್ಟು ಮುಜುಗರ ನಂಗೆ ಜೀವಮಾನದಲ್ಲಿ ಆಗಿಲ್ಲ. ಕಾಸ್ಟೆಲ್ನೊದರಿ ಕಾಸುಲೆ ಅನ್ನೋ ಹುರುಳಿಕಾಯಿ ಬೀಜದ ಸಾಗಿಗೆ ಫೇಮಸ್ಸು, ಬೀಜ ಅಂತ ಆಸೆಯಿಂದ ಹೋದ್ರೆ ಒಳಗೆ ಬಾತುಕೋಳಿ, ಹಂದಿ ಎರಡೂ. ಬಾಳೆಹಣ್ಣು ತಿಂದು ರೈಲು ಹತ್ತಿದೆ.

ಇನ್ನೊಂದು ವಿಷಯ, ಆ ಮರಗಳೂ ಹೋಗ್ತಾ ಇವೆ. 2006ರಿಂದ ಒಂದು ಶಿಲೀಂಧ್ರ ರೋಗ ಹತ್ತಿ ಸಾವಿರಾರು ಮರ ಕಡಿದಿದ್ದಾರೆ, ಎರಡನೇ ಮಹಾಯುದ್ಧದ ಟೈಮಲ್ಲಿ ಅಮೆರಿಕದವರ ಮದ್ದುಗುಂಡಿನ ಮರದ ಪೆಟ್ಟಿಗೆ ಜೊತೆ ಬಂದಿದ್ದಂತೆ ಆ ರೋಗ. ಕಡಿದ ಕಡೆ ಜುಲೈ ಬಿಸಿಲಲ್ಲಿ ತಲೆ ಕಾದು ಹೋಗುತ್ತೆ.

ಟುಲೂಸಿನ ಪಶ್ಚಿಮಕ್ಕಿರೋ ಜೆರ್ಸ್ ಜಿಲ್ಲೆ ಕಡೆ ಹೋಗಿದ್ದು ಅದಾದ ಮೇಲೆ, ರೈಲಲ್ಲಿ ಸೈಕಲ್ ಹಾಕ್ಕೊಂಡು ಅಲ್ಲಿನ ಓಶ್ ಊರಿನ ತನಕ, ಒಂದೂವರೆ ಗಂಟೆ. ಟ್ರಾಫಿಕ್ ಅನ್ನೋದೇ ಇಲ್ಲ, ಟ್ರಾಕ್ಟರ್ ಎರಡು ಕಂಡ್ರೆ ಜಾತ್ರೆ. ಆದ್ರೆ ಅಲ್ಲಿ ಒಂದು ಸೂಕ್ಷ್ಮ ಇದೆ, ಯಾರೂ ಹೇಳಿಕೊಡ್ಲಿಲ್ಲ ನಂಗೆ. ಆ ಸೀಮೆಯ ಹೊಳೆಗಳೆಲ್ಲ ತೆಂಕಣದ ಲಾನ್ಮೆಜಾನ್ ಪ್ರಸ್ಥಭೂಮಿಯಿಂದ ಬೀಸಣಿಗೆ ಬಿಚ್ಚಿದ ಹಾಗೆ ಉತ್ತರಕ್ಕೆ ಹರೀತವೆ. ಹೊಳೆ ಜೊತೆ ಉತ್ತರ ದಕ್ಷಿಣ ಹೋದ್ರೆ ಸಲೀಸು. ಪೂರ್ವ ಪಶ್ಚಿಮ ಹೊರಟ್ರೋ, ಪ್ರತಿ ಹೊಳೆಗೂ ಒಂದು ದಿಬ್ಬ ಹತ್ತಬೇಕು ಇಳೀಬೇಕು ಹತ್ತಬೇಕು ಇಳೀಬೇಕು. ನಾನು ಓಶಿಂದ ಟುಲೂಸ್ ಕಡೆಗೆ, ಅಂದ್ರೆ ಸರಿಯಾಗಿ ಪೂರ್ವಕ್ಕೆ ಹೊರಟಿದ್ದೆ! ಜಿಮೊಂ ತಲುಪೋ ಹೊತ್ತಿಗೆ ತೊಡೆ ಎರಡೂ ಸೌದೆ. ಹಸಿವಿಗೆ ಒಂದು ಕಡೆ ಸಲಾಡ್ ಹೇಳಿದೆ, ಸಲಾಡ್ ಅಂದ್ರೆ ಸೊಪ್ಪು ತಾನೇ, ಬಂದಿದ್ದು ನೋಡಿದ್ರೆ ಮೇಲೆ ಬಾತುಕೋಳಿ ಗಿಜರ್ಡ್, ಅಂದ್ರೆ ಅದರ ಹೊಟ್ಟೆಯ ಭಾಗ. ತಪ್ಪು ನಂದೇ, ಆ ಊರ ಸಲಾಡೇ ಹಾಗೆ. ಮಾಂಸ ತಿನ್ನೋರಿಗೆ ಜೆರ್ಸ್ ಸ್ವರ್ಗ. ನಂಗಲ್ಲ.

ಈಗ ನನ್ನ ಲೊರಾಗೇ. ಮನೆ ಬಾಗಿಲಿಂದಾನೇ ಹೊರಡಬಹುದು, ಲಾಂಟಾ, ಕರಮಾನ್, ಸ್ಯಾಂ ಫೆಲಿಕ್ಸ್, ರೆವೆಲ್, ಹೋಗ್ತಾ ಬರ್ತಾ 110 ಕಿಲೋಮೀಟರ್. ಹಳದಿ ತಲೆಯ ಮೈಲಿಗಲ್ಲು ಇರೋ ಸಣ್ಣ ಜಿಲ್ಲಾ ರಸ್ತೆಗಳು, ಪೂರ್ತಿ ಟಾರು. ಊರಾಚೆ ಸೈಕಲ್ ಓವರ್‌ಟೇಕ್ ಮಾಡೋ ಕಾರು ಒಂದೂವರೆ ಮೀಟರ್ ಜಾಗ ಬಿಡಬೇಕು ಅಂತ ಇಲ್ಲಿ ಕಾನೂನು, ಹಳ್ಳಿಯವರು ಅದಕ್ಕಿಂತ ಜಾಸ್ತೀನೇ ಬಿಡ್ತಾರೆ. ಜುಲೈನಲ್ಲಿ ದಿಬ್ಬದ ತುಂಬ ಸೂರ್ಯಕಾಂತಿ. ಮುಂಚೆ ಇಲ್ಲಿ ಬೆಳೀತಿದ್ದಿದ್ದು ಪಾಸ್ಟೆಲ್ ಅಂತ ನೀಲಿ ಬಣ್ಣ ತೆಗೆಯೋ ಗಿಡ, ಅದರ ದುಡ್ಡಲ್ಲೇ ಟುಲೂಸಿನ ಸಾಹುಕಾರರು ದೊಡ್ಡ ದೊಡ್ಡ ಮನೆ ಕಟ್ಸಿದ್ದು, ಆಮೇಲೆ ಇಂಡಿಯಾದ ನೀಲಿ ಬಂದು ಆ ವ್ಯಾಪಾರಾನ ಮಲಗಿಸಿಬಿಡ್ತು. ಏದುಸಿರು ಬಿಟ್ಕೊಂಡು ದಿಬ್ಬ ಹತ್ತುವಾಗ ಇದು ನೆನಪಾದ್ರೆ ಒಂಥರಾ ಖುಷಿ.

ಕಷ್ಟ ಇಲ್ಲ ಅಂತಲ್ಲ. ಓತಾನ್ ಅಂತ ಆಗ್ನೇಯದ ಗಾಳಿ ಇದೆ, ಶುರುವಾದ್ರೆ 3 ದಿನ, ಇಲ್ಲ 6, ಇಲ್ಲ 9 ದಿನ ಬೀಸುತ್ತೆ ಅಂತ ಇಲ್ಲಿನವರ ನಂಬಿಕೆ, ಹುಚ್ಚು ಹಿಡಿಸೋ ಗಾಳಿ ಅಂತಾನೂ ಅಂತಾರೆ. ಆದ್ರೆ ಹೋಗುವಾಗ ಎದುರಾಗೋ ಗಾಳೀನೇ ವಾಪಸ್ ಬರುವಾಗ ಬೆನ್ನು ಹಿಡಿದು ದಬ್ಬುತ್ತೆ, ಸುಸ್ತಾದ ಹೊತ್ತಿಗೆ ಪುಕ್ಕಟೆ ಮೋಟಾರು.

ನೀರಿಗೆ ಏನ್ಮಾಡೋದು ಅಂತ ಯೋಚನೆ ಇತ್ತು. ಹಳ್ಳಿಗಳಲ್ಲಿ ಅಂಗಡಿ ಹನ್ನೆರಡಕ್ಕೆ ಬಾಗಿಲು ಹಾಕಿದ್ರೆ ಮತ್ತೆ ತೆಗೆಯೋದು ಸಂಜೆ ಕಡೆಗೇ. ನಮ್ಮ ಆಫೀಸಿನ ಒಬ್ರು ಹಿರಿಯರು ಹೇಳಿದ್ರು, ಸ್ಮಶಾನಕ್ಕೆ ಹೋಗು, ಹೂಕುಂಡಕ್ಕೆ ನೀರು ಹಾಕೋಕೆ ಅಲ್ಲಿ ನಲ್ಲಿ ಇರುತ್ತೆ ಅಂತ. ನಿಜ, ಗೇಟ್ ಪಕ್ಕದಲ್ಲೇ ನಲ್ಲಿ, ಕೆಳಗೆ ಸಾಲಾಗಿ ಹಸಿರು ಪ್ಲಾಸ್ಟಿಕ್ ಕ್ಯಾನು. ಕುಡಿಯೋ ನೀರಲ್ಲ ಅಂತ ಬೋರ್ಡ್ ಇದ್ಯಾ ನೋಡ್ಕೊಂಡು ಹಿಡಿಬೇಕು ಅಷ್ಟೇ. ಮೊದಲ ಸಲ ಹಿಡಿಯುವಾಗಲೇ ಅಮ್ಮ ವಿಡಿಯೋ ಕಾಲ್ ಮಾಡಬೇಕಾ, ಹಿಂದೆ ಶಿಲುಬೆ ಸಾಲು ಕಂಡು "ಎಲ್ಲಿದ್ದೀಯೋ?" ಅಂದ್ರು. ಹೇಳಿದೆ. "ಮನೆಗೆ ಹೋದ ತಕ್ಷಣ ತಲೆಗೆ ಸ್ನಾನ ಮಾಡು" ಅಂತ ಫೋನಿಟ್ರು.

ಕಾಲುವೇನೇ ನೋಡಬೇಕು ಅಂದ್ರೂ ಈ ಕಡೆಯಿಂದಾನೇ ಚೆನ್ನಾಗಿ ಅರ್ಥ ಆಗುತ್ತೆ. ರೆವೆಲ್ ಮೇಲಿನ ಸ್ಯಾಂ ಫೆರಿಯೊಲ್ ಕೆರೆ ಆ ಕಾಲುವೆಗೆ ನೀರು ಕೊಡೋಕೇ ಅಂತ ರಿಕೆ ಕಟ್ಸಿದ್ದು, ಹತ್ತೋ ದಾರಿ ಚಿಕ್ಕದು, ಕಾಲು ಇಳಿಬಿಟ್ಕೊಂಡು ಕೂತ್ರೆ ಎದ್ದೇಳೋಕೆ ಮನಸ್ಸಾಗಲ್ಲ.

ನನ್ನ ಲೆಕ್ಕ ಇಷ್ಟೇ. ನಂಗೆ ಸಿಗೋದು ಶನಿವಾರ ಬೆಳಿಗ್ಗೆ ಆರರಿಂದ ಮಧ್ಯಾಹ್ನ ಎರಡರ ತನಕ. ರೈಲಿಗೆ ಕಾಯೋ ವ್ಯವಧಾನ ಇಲ್ಲ, ಹೊಸ ಸೈಕಲ್ಲಿಗೆ ದುಡ್ಡಿಲ್ಲ. ದಪ್ಪ ಟೈರಿನ ಸೈಕಲ್ ಇದ್ದು, ಮಕ್ಕಳ ಜೊತೆ ನಿಧಾನಕ್ಕೆ ಹೋಗೋರಾದ್ರೆ ಕಾಲುವೇಗೇ ಹೋಗಿ, ನೊರೂಜಲ್ಲಿ ವಾಪಸ್ ತಿರುಗಿಬಿಡಿ. ನಾನು 28 ಎಂಎಂ ಟೈರ್ ಹಾಕಿಸ್ಕೊಂಡೆ, ಎರಡು ಟ್ಯೂಬ್ ಇಟ್ಕೋತೀನಿ, ಜೇಬಲ್ಲಿ ಎರಡು ಶೊಕೊಲಾತಿನ್, ಅಂದ್ರೆ ಒಳಗೆ ಚಾಕೊಲೇಟ್ ಇರೋ ಬನ್ನು. ಶನಿವಾರ ರೆವೆಲ್‌ನಲ್ಲಿ ಸಂತೆ, 14ನೇ ಶತಮಾನದ ಮರದ ಕಂಬದ ಚಾವಡಿ ಕೆಳಗೆ, ಅಲ್ಲಿ ಪಕ್ಕದ ಲೊತ್ರೆಕ್ ಊರಿನ ಗುಲಾಬಿ ಬೆಳ್ಳುಳ್ಳಿ ಗೊಂಚಲು ಕಟ್ಟಿ ಮಾರ್ತಾರೆ. ಒಂದು ಗೊಂಚಲು ತಗೊಂಡು ಹ್ಯಾಂಡಲ್‌ಗೆ ನೇತಾಕ್ಕೊಂಡು ಬರ್ತೀನಿ. ಮುಂಚೆ ಸೈಕಲ್ ಅಂದ್ರೆ ಮುಖ ಸಿಂಡರಿಸ್ತಿದ್ದ ನನ್ನ ಹೆಂಡ್ತಿ ಈಗ ಶುಕ್ರವಾರ ರಾತ್ರಿ ಅವಳೇ ಕೇಳ್ತಾಳೆ, "ನಾಳೆ ರೆವೆಲ್ ಕಡೆ ಹೋಗ್ತೀರಾ? ಬೆಳ್ಳುಳ್ಳಿ ಖಾಲಿ."