‘ಬಣ್ಣ ಬಿಡುವುದಿಲ್ಲ’ ಎಂದು ಮಾರುವ ಕೌದಿ ಕಿಟ್: ಕೊಳ್ಳುವ ಮೊದಲು ಇದನ್ನು ಓದಿ

ಕೌದಿ ಹೊಲಿಯುವವರಿಗೆ, ಹೊಲಿಯಲು ಕಲಿಯಬೇಕೆಂದು ಆಸೆಪಟ್ಟಿರುವವರಿಗೆ ಒಂದು ಎಚ್ಚರಿಕೆ. ಮೊಬೈಲ್‌ನಲ್ಲಿ ‘ಕೌದಿ ಕಿಟ್’ ಎಂಬ ಹೆಸರಿನಲ್ಲಿ ಬರುವ ತುಂಡುಬಟ್ಟೆಯ ಕಟ್ಟುಗಳನ್ನು, ಮಾರುವವರ ಮಾತು ನಂಬಿ ನೇರವಾಗಿ ಹೊಲಿಗೆಗೆ ಹಾಕಬೇಡಿ. ಧಾರವಾಡದ ನಮ್ಮ ಓಣಿಯ ಹೆಂಗಸರು ಸೇರಿ ಹೊಲಿದ ತೊಟ್ಟಿಲ ಕೌದಿಯೊಂದು ಮೊದಲ ಒಗೆತಕ್ಕೇ ಹಾಳಾಯಿತು. ಅದರ ಜೊತೆಗೆ ಹೊಲಿದ ದೊಡ್ಡ ಕೌದಿಯನ್ನು ಈಗ ಬಿಚ್ಚುತ್ತಿದ್ದೇವೆ. ಬಟ್ಟೆಗೆ ಕೊಟ್ಟ ಹಣ 4,200 ರೂಪಾಯಿ. ನಷ್ಟ ಅಷ್ಟೇ ಆಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ.

ಹಿಂದೆ ನಮ್ಮ ಕಡೆ ಕೌದಿಗೆಂದು ಯಾರೂ ಬಟ್ಟೆ ಕೊಂಡವರಲ್ಲ. ಉಟ್ಟು ಸವೆದ ಹತ್ತಿ ಸೀರೆ, ಮನೆಯ ಹಿರಿಯರ ಧೋತರ, ಹರಿದ ಅಂಗಿ, ಮಕ್ಕಳಿಗೆ ಗಿಡ್ಡವಾದ ಲಂಗ, ಇವನ್ನೇ ಪದರ ಪದರವಾಗಿ ಹಾಸಿ ದಾರ ಓಡಿಸುತ್ತಿದ್ದರು. ಅದು ಬರೀ ಉಳಿತಾಯದ ಮಾತಲ್ಲ. ನೂರಾರು ಸಲ ಒಗೆತ ಕಂಡ ಬಟ್ಟೆ ಬಿಡಬೇಕಾದ ಬಣ್ಣವನ್ನು ಎಂದೋ ಬಿಟ್ಟಿರುತ್ತದೆ, ಕುಗ್ಗಬೇಕಾದಷ್ಟು ಕುಗ್ಗಿರುತ್ತದೆ, ಸೂಜಿ ಚುಚ್ಚಿದರೆ ಹಟ ಮಾಡುವುದಿಲ್ಲ. ಈಗ ಕಪಾಟು ತೆರೆದರೆ ಸಿಗುವುದು ಬಹುಪಾಲು ಪಾಲಿಯೆಸ್ಟರ್ ಸೀರೆ. ಒಳಪದರಕ್ಕೆ ಸಾಲುವಷ್ಟು ಹಳೆಯ ಹತ್ತಿ ಬಟ್ಟೆ ಹೇಗೋ ಒಟ್ಟಾದೀತು, ಮೇಲಿನ ತೇಪೆಗಳಿಗೆ ಬಣ್ಣಬಣ್ಣದ ಹತ್ತಿ ಎಲ್ಲಿಂದ ಬರಬೇಕು? ಈ ಕೊರತೆಯ ಮೇಲೆಯೇ ಕಿಟ್ ವ್ಯಾಪಾರ ನಿಂತಿದೆ.

ನಮಗೆ ಮಾರಿದವರು ಅದನ್ನು ‘ಸಿದ್ದಿ ಕೌದಿ ಕಿಟ್’ ಎಂದು ಕರೆದಿದ್ದರು. ಇದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಸಮುದಾಯದ ಹೆಂಗಸರು ಕೌದಿ ಹೊಲಿಯುವುದು ಹಳೆಯ ಬಟ್ಟೆಯಿಂದ. ಅಂಚಿನಿಂದ ಆರಂಭಿಸಿ, ತೇಪೆ ಇಡುತ್ತಾ, ಸುತ್ತಿ ಸುತ್ತಿ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೆ ಬಟ್ಟೆಯನ್ನು ಮಡಚಿ ‘ಫುಲ’ ಎಂಬ ಹೂವು ಕೂರಿಸದೆ ಕೌದಿ ಮುಗಿಯಿತು ಎನ್ನುವುದಿಲ್ಲ. ಕಾರ್ಖಾನೆಯ ಹೊಸ ಬಟ್ಟೆಯನ್ನು ಯಂತ್ರದಲ್ಲಿ ಚೌಕವಾಗಿ ಕತ್ತರಿಸಿ ಕಟ್ಟಿದ ಮಾತ್ರಕ್ಕೆ ಅದು ಸಿದ್ದಿಯರದ್ದಾಗುವುದಿಲ್ಲ. ಆ ಹೆಂಗಸರ ಹೆಸರನ್ನು ಬಳಸಿ ದುಡ್ಡು ಮಾಡುವವರು ಅವರಿಗೂ ಮೋಸ ಮಾಡುತ್ತಿದ್ದಾರೆ.

ಮೊದಲು ಮಾದರಿ ತುಂಡುಗಳನ್ನು ತರಿಸಿಕೊಂಡೆವು. ನೆನೆಸಿದೆವು, ಬಿಳಿ ಬಟ್ಟೆಯ ಮೇಲಿಟ್ಟು ಉಜ್ಜಿದೆವು, ಒಂದು ಎಳೆ ಸುಟ್ಟೂ ನೋಡಿದೆವು. ಅಪ್ಪಟ ಹತ್ತಿ, ಬಣ್ಣ ಒಂದಿಷ್ಟೂ ಹೋಗಲಿಲ್ಲ. ‘ಇದೇ ಥಾನಿನ ಬಟ್ಟೆ ಕಳಿಸುತ್ತೇವೆ, ಎಲ್ಲವೂ ಒಗೆದು ತಯಾರಿಸಿದ್ದು, ಬಣ್ಣ ಬಿಡುವುದಿಲ್ಲ’ ಎಂದು ಮಾರಾಟಗಾರರು ಬರೆದುಕೊಟ್ಟರು. ಒಂದು ಕಟ್ಟಿಗೆ 1,400 ರೂಪಾಯಿಯಂತೆ ಮೂರು ಕಟ್ಟು ಬಂದವು. ಅಚ್ಚು ಅದೇ, ಬಣ್ಣ ಅದೇ. ಬಟ್ಟೆ ಮಾತ್ರ ಬೇರೆ ಎಂಬುದು ಹೊಲಿದು ಒಗೆದ ಮೇಲಷ್ಟೇ ತಿಳಿಯಿತು.

ಕೌದಿಗೆ ಎಷ್ಟು ಕೈ, ಎಷ್ಟು ಹೊತ್ತು ಬೇಕು ಎಂಬುದು ಹೊಲಿಯದವರಿಗೆ ತಿಳಿಯುವುದು ಕಷ್ಟ. ಮಳೆಗಾಲ ಪೂರ್ತಿ ನಮ್ಮ ಮಧ್ಯಾಹ್ನಗಳು ಇದಕ್ಕೇ ಹೋದವು. ಊಟ ಮುಗಿಸಿ, ಪಾತ್ರೆ ತೊಳೆದಿಟ್ಟು ಒಬ್ಬೊಬ್ಬರೇ ಪಡಸಾಲೆಗೆ ಬರುತ್ತಿದ್ದೆವು. ಎದುರುಮನೆಯ ವೈನಿ ಬಂದ ಕೂಡಲೇ ಏಳೆಂಟು ಸೂಜಿಗೆ ದಾರ ಪೋಣಿಸಿ ಸಾಲಾಗಿ ದಿಂಬಿಗೆ ಚುಚ್ಚಿಡುತ್ತಿದ್ದರು. ಮೂಲೆಮನೆಯ ಅಜ್ಜಿಗೆ ಕಣ್ಣು ಮಂಜು, ದಾರ ಪೋಣಿಸಲಾಗುವುದಿಲ್ಲ. ಆದರೆ ಬೆರಳಿನಿಂದ ತಡವಿಕೊಂಡೇ ಅವರು ಹಾಕುವ ಹೊಲಿಗೆಯ ಸಾಲು ನಮ್ಮೆಲ್ಲರದ್ದಕ್ಕಿಂತ ನೇರ. ಯಾರ ಮನೆಯ ಸುದ್ದಿಯಾದರೂ ಅಲ್ಲಿಗೆ ಬರುತ್ತಿತ್ತು, ಅಲ್ಲಿಯೇ ಹಗುರಾಗುತ್ತಿತ್ತು. ‘ಐದುನೂರಕ್ಕೆ ರಗ್ಗು ಸಿಗುತ್ತದೆ, ಇದೇಕೆ ಇಷ್ಟು ಕಷ್ಟ?’ ಎಂದು ಮನೆಯ ಗಂಡಸರು ಕೇಳುತ್ತಿದ್ದರು. ಕೂಲಿ ಲೆಕ್ಕ ಹಾಕಿದರೆ ನಮ್ಮ ಕೌದಿ ಯಾವ ಅಂಗಡಿಯ ಬೆಲೆಗೂ ದಕ್ಕುವುದಿಲ್ಲ, ನಿಜ. ಆ ಪಡಸಾಲೆಯಲ್ಲಿ ಕೂರುವುದಕ್ಕೆ ಯಾರೂ ಕೂಲಿ ಕೇಳಿದವರಲ್ಲ.

ವೈನಿಯ ಮಗಳ ಬಾಣಂತನಕ್ಕೆಂದು ಹೊಲಿದದ್ದು ಅದು. ತೊಟ್ಟಿಲ ಕೌದಿಯ ಒಳಪದರಕ್ಕೆ ಅಜ್ಜಿ ತಮ್ಮ ಯಜಮಾನರ ಧೋತರ ಕೊಟ್ಟಿದ್ದರು. ಅವರು ತೀರಿಕೊಂಡ ಮೇಲೂ ಟ್ರಂಕಿನಲ್ಲಿ ಜೋಪಾನವಾಗಿಟ್ಟಿದ್ದ ಧೋತರ. ‘ಕೂಸಿನ ಮೈಗೆ ಇದಕ್ಕಿಂತ ಮೆತ್ತನೆಯದು ಸಿಗುವುದಿಲ್ಲ’ ಎಂದು ತಾವೇ ಹರಿದು ಹಾಸಿದರು.

ಕೂಸಿಗೆ ಹೊದಿಸುವ ಮೊದಲು ಒಗೆಯಬೇಕಲ್ಲ, ತಣ್ಣೀರಿನಲ್ಲಿ ನೆನೆಹಾಕಿದೆವು. ಸ್ವಲ್ಪ ಹೊತ್ತಿನಲ್ಲೇ ಬಕೆಟ್ಟಿನ ನೀರು ಕುಂಕುಮ ಕದಡಿದಂತಾಯಿತು. ಎತ್ತಿ ಹಿಂಡಿದರೆ ಕೆಂಪು ಚೌಕಗಳ ಬಣ್ಣ ಪಕ್ಕದ ಹಳದಿಗೆ ಹರಿದಿತ್ತು, ಬಿಳಿಯ ದಾರವೆಲ್ಲ ಗುಲಾಬಿಯಾಗಿತ್ತು. ಮೇಲಿನ ತೇಪೆಗಳು ಕುಗ್ಗಿ ಒಳಗಿನ ಹಳೆಯ ಬಟ್ಟೆ ಗಂಟುಗಂಟಾಗಿ ಉಬ್ಬಿತ್ತು. ಒಂದು ಅಂಚು ಬಿಚ್ಚಿ ನೋಡಿದೆವು. ಸೂಜಿ ಹೋದ ಪ್ರತಿ ತೂತಿನ ಸುತ್ತ ಧೋತರದ ಮೇಲೆ ಕೆಂಪು ಚುಕ್ಕೆ. ಅಂತಹ ಬಣ್ಣವನ್ನು ಹಸುಗೂಸಿನ ಮೈಗೆ ತಾಗಿಸಲು ಯಾರಿಗೆ ಧೈರ್ಯ ಬರುತ್ತದೆ? ಹೊಸ ಬಟ್ಟೆಯನ್ನು ಮತ್ತೆ ಕೊಳ್ಳಬಹುದು, ಆ ಧೋತರವನ್ನು ಎಲ್ಲಿ ಕೊಳ್ಳುವುದು? ಅಜ್ಜಿ ಏನೂ ಅನ್ನಲಿಲ್ಲ. ಆದರೆ ಬಹಳ ದಿನ ಪಡಸಾಲೆಗೆ ಬರಲೂ ಇಲ್ಲ.

ಮಾರಾಟಗಾರರಿಗೆ ಫೋಟೊ ಕಳಿಸಿದೆವು. ‘ಕೈಮಗ್ಗದ ಬಟ್ಟೆ ಸ್ವಲ್ಪ ಬಣ್ಣ ಬಿಡುವುದು ಸಹಜ’ ಎಂಬ ಉತ್ತರ ಬಂತು. ಬಣ್ಣ ಬಿಡುವುದಿಲ್ಲ ಎಂದು ಅವರೇ ಬರೆದದ್ದನ್ನು ತೋರಿಸಿದಾಗ ‘ಹೊಲಿದ ಬಟ್ಟೆಯನ್ನು ಹಿಂದಕ್ಕೆ ಪಡೆಯುವುದಿಲ್ಲ’ ಎಂದರು. ಆಮೇಲೆ ಸಂದೇಶಗಳು ಅವರಿಗೆ ತಲುಪುವುದೇ ನಿಂತುಹೋಯಿತು.

ಗಾಢ ಬಣ್ಣದ ಬಟ್ಟೆಗೆ ಬಣ್ಣ ಕಟ್ಟಿದ ಮೇಲೆ, ಎಳೆಗೆ ಅಂಟದೆ ಉಳಿದ ಬಣ್ಣವನ್ನು ಬಿಸಿನೀರು, ಸೋಪಿನಲ್ಲಿ ಚೆನ್ನಾಗಿ ತೊಳೆದು ತೆಗೆಯಬೇಕು. ನೀರು, ಇಂಧನ ಉಳಿಸಲು ಈ ಹಂತವನ್ನು ಹಾರಿಸಿದರೆ ಆ ಬಣ್ಣ ನಮ್ಮ ಬಕೆಟ್ಟಿಗೆ ಇಳಿಯುತ್ತದೆ. ಉಪ್ಪು, ವಿನೆಗರ್ ಹಾಕಿ ನೆನೆಸಿದರೆ ನಿಲ್ಲುತ್ತದೆ ಎಂದು ಹೇಳುವವರಿದ್ದಾರೆ. ಕಾರ್ಖಾನೆಯಲ್ಲಿ ಬಣ್ಣ ಕಟ್ಟಿದ ಹತ್ತಿಗೆ ಅದು ನಾಟುವುದಿಲ್ಲ, ನಂಬಿ ಕೂರಬೇಡಿ. ಮಾದರಿ ತುಂಡು ಎಷ್ಟೇ ಚೆನ್ನಾಗಿರಲಿ, ಕಟ್ಟು ಬಂದ ಮೇಲೆ ಅದರಲ್ಲಿರುವ ಒಂದೊಂದು ಬಣ್ಣವನ್ನೂ ಬೇರೆ ಬೇರೆಯಾಗಿ ಬಿಸಿನೀರಿನಲ್ಲಿ ನೆನೆಸಿ, ನೀರು ತಿಳಿಯಾಗುವವರೆಗೆ ಒಗೆಯಿರಿ. ಕೆಂಪು, ಮರೂನ್, ಕಡುನೀಲಿ, ಕಪ್ಪು ಬಣ್ಣಗಳ ಮೇಲೆ ವಿಶೇಷ ಗಮನವಿರಲಿ. ಒಂದು ಎಳೆ ಸುಟ್ಟು ನೋಡಿ: ಹತ್ತಿ ಕಾಗದದಂತೆ ಉರಿದು ಮೆತ್ತನೆಯ ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಕಟ್ಟು ಬಿಚ್ಚುವಾಗ ವಿಡಿಯೊ ಮಾಡಿಟ್ಟುಕೊಳ್ಳಿ. ಬಿಲ್ ಕೊಡದವರಿಂದ, ಖಾಸಗಿ ಮೊಬೈಲ್ ನಂಬರಿಗೆ ಹಣ ಹಾಕಿ ಎನ್ನುವವರಿಂದ ಕೊಳ್ಳಲೇಬೇಡಿ.

ಮೋಸ ಹೋಗಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲಿ ಬಗೆಹರಿಯದಿದ್ದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು, ಕೊಂಡ ವಸ್ತುವಿನ ಬೆಲೆ 5 ಲಕ್ಷ ರೂಪಾಯಿವರೆಗಿದ್ದರೆ ಶುಲ್ಕವಿಲ್ಲ. ನಾವೂ ದೂರು ಕೊಟ್ಟಿದ್ದೇವೆ.

ಇಂತಹ ಬಟ್ಟೆಯಿಂದ ಈಗಾಗಲೇ ಕೌದಿ ಹೊಲಿದಿದ್ದರೆ ಗಾಬರಿಯಿಂದ ನೀರಿಗೆ ಹಾಕಬೇಡಿ. ಬಿಳಿ ಹತ್ತಿ ಬಟ್ಟೆಯನ್ನು ಒದ್ದೆ ಮಾಡಿ ಒಂದೊಂದು ತೇಪೆಯ ಮೇಲೂ ಒತ್ತಿ ಹಿಡಿಯಿರಿ. ಬಣ್ಣ ಅಂಟಿದ ತೇಪೆಗಳ ಹೊಲಿಗೆಯನ್ನಷ್ಟೇ ಬಿಚ್ಚಿ ತೆಗೆದು, ಒಗೆದ ಹಳೆಯ ಬಟ್ಟೆ ಹಾಕಿ. ಆಗಲೇ ನೆನೆಸಿ ಬಣ್ಣ ಬಿಟ್ಟಿದ್ದರೆ ಒಣಗಲು ಬಿಡಬೇಡಿ, ಒಣಗಿದರೆ ಕಲೆ ಕೂತುಬಿಡುತ್ತದೆ. ದೊಡ್ಡ ಪಾತ್ರೆ ತುಂಬ ಬಿಸಿನೀರು, ಸೋಪಿನ ಪುಡಿ ಹಾಕಿ ಮುಳುಗಿಸಿಟ್ಟು, ನೀರು ಬದಲಿಸುತ್ತಾ ಹೋಗಿ. ದೊಡ್ಡ ಕೌದಿಯಲ್ಲಿ ನಮಗೆ ಸಿಕ್ಕಿದ್ದು ಕೆಂಪು, ಮರೂನ್ ತೇಪೆಗಳ ದೋಷ ಮಾತ್ರ. ಅವುಗಳ ಜಾಗಕ್ಕೆ ಹಾಕಲು ಓಣಿಯ ಮನೆಮನೆಯಲ್ಲಿ ಹಳೆಯ ಹತ್ತಿ ಬಟ್ಟೆ ಕೇಳುತ್ತಿದ್ದೇವೆ.